ವಿಶ್ವಾಸಾರ್ಹ ಪ್ರಯಾಣಿಕ ಯಾರು? ಹುಣಸೂರು ಸೀಮೆಯ ಟಿಬೆಟನ್ ನೆಲೆಗಳು ಮತ್ತು ಪ್ರಯಾಣಪತ್ರದ ಕಾನೂನು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹುಣಸೂರು ಉಪವಿಭಾಗವೆಂದು ಕಂದಾಯ ದಾಖಲೆಗಳಲ್ಲಿ ಗುರುತಿಸಿಕೊಂಡಿವೆ. ನಾಗರಹೊಳೆಯ ಕಾಡು, ಕಾವೇರಿ, ಕಬಿನಿ, ಲಕ್ಷ್ಮಣತೀರ್ಥಗಳ ನೀರು, ಹದಗೊಳಿಸಿದ ಹೊಗೆಸೊಪ್ಪಿನ ವ್ಯಾಪಾರ ಇವು ಈ ಸೀಮೆಯ ಪರಿಚಿತ ಲಕ್ಷಣಗಳು. ಇವುಗಳ ನಡುವೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿಯೂ ಹುಣಸೂರು ತಾಲೂಕಿನ ಗುರುಪುರದಲ್ಲಿಯೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದಿಂದ ಟಿಬೆಟನ್ ಸಮುದಾಯವೊಂದು ಬಾಳುತ್ತಿದೆ. ಈ ನೆಲೆಗಳ ಧಾರ್ಮಿಕ ಜೀವನ, ಮಠಗಳ ವಾಸ್ತುಶಿಲ್ಪ, ಕೃಷಿ ಸಹಕಾರ ಸಂಘಗಳು ಹಲವು ಅಧ್ಯಯನಗಳಿಗೆ ವಸ್ತುವಾಗಿವೆ. ಆದರೆ ಇಲ್ಲಿನ ನಿವಾಸಿಯೊಬ್ಬನು ಗಡಿ ದಾಟಿ ಹೊರಡಬೇಕಾದಾಗ ಯಾವ ಕಾಗದವನ್ನು ಹಿಡಿದು ಹೊರಡುತ್ತಾನೆ, ಆ ಕಾಗದವನ್ನು ಕೊಡಲು ಸರ್ಕಾರ ಒಪ್ಪದಿದ್ದರೆ ಅಥವಾ ಕೊಟ್ಟದ್ದನ್ನು ಹಿಂತೆಗೆದುಕೊಂಡರೆ ಅವನಿಗಿರುವ ನ್ಯಾಯಮಾರ್ಗ ಯಾವುದು ಎಂಬ ಪ್ರಶ್ನೆಯು ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ.

ಈ ಪ್ರಶ್ನೆಗೆ ಇತ್ತೀಚೆಗೆ ಹೊಸದೊಂದು ಹಿನ್ನೆಲೆ ಒದಗಿದೆ. ಮುಂಚಿತವಾಗಿ ಪರಿಶೀಲಿಸಿ 'ವಿಶ್ವಾಸಾರ್ಹ'ರೆಂದು ನೋಂದಾಯಿಸಿಕೊಂಡ ಪ್ರಯಾಣಿಕರಿಗೆ ವಲಸೆ ತಪಾಸಣೆಯ ಸಾಲನ್ನು ತಪ್ಪಿಸಿ ಸ್ವಯಂಚಾಲಿತ ದ್ವಾರದ ಮೂಲಕ ಹಾದುಹೋಗಲು ಅವಕಾಶ ನೀಡುವ ಯೋಜನೆಗಳು ಹಲವು ದೇಶಗಳಲ್ಲಿವೆ. ಅಮೆರಿಕದ ಗ್ಲೋಬಲ್ ಎಂಟ್ರಿ ಯೋಜನೆಯ ಸದಸ್ಯತ್ವವು ೨೦೧೭ರ ಜುಲೈ ತಿಂಗಳಿನಿಂದ ಭಾರತದ ನಾಗರಿಕರಿಗೂ ತೆರೆದುಕೊಂಡಿತು. ಭಾರತ ಸರ್ಕಾರವು ಇದೇ ಬಗೆಯ ಯೋಜನೆಯನ್ನು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ – ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ೨೦೨೪ರ ಜೂನ್ ೨೨ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಆರಂಭಿಸಿತು. ೨೦೨೫ರ ಜನವರಿ ೧೬ರಂದು ಅದು ಬೆಂಗಳೂರೂ ಸೇರಿದಂತೆ ಇನ್ನೂ ಏಳು ನಿಲ್ದಾಣಗಳಿಗೆ ವಿಸ್ತರಣೆಗೊಂಡಿತು. ಭಾರತದ ಪಾಸ್‌ಪೋರ್ಟ್ ಉಳ್ಳವರು ಮತ್ತು ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಹೊಂದಿದವರು ಇದಕ್ಕೆ ಅರ್ಹರು. ಬೈಲಕುಪ್ಪೆಯಲ್ಲಿಯೇ ಹುಟ್ಟಿ, ಕನ್ನಡ ಶಾಲೆಯ ಅಂಗಳದಲ್ಲಿ ಆಡಿ ಬೆಳೆದಿದ್ದರೂ ಕೈಯಲ್ಲಿ ಗುರುತಿನ ಪ್ರಮಾಣಪತ್ರವನ್ನಷ್ಟೇ ಉಳ್ಳ ಟಿಬೆಟನ್ ವ್ಯಕ್ತಿಗೆ ಆ ದ್ವಾರ ತೆರೆಯುವುದಿಲ್ಲ. ಹಾಗಾಗಿ ವಿಶ್ವಾಸಾರ್ಹತೆಯ ಮಾತು ಈ ಸೀಮೆಯಲ್ಲಿ ದ್ವಾರದ ಬಳಿಗಿಂತ ಬಹಳ ಹಿಂದೆ, ಕಾಗದದ ಬಳಿಯೇ ಆರಂಭವಾಗುತ್ತದೆ.

ಹಕ್ಕು ಮತ್ತು ಸೌಲಭ್ಯ

ಸರ್ಕಾರವು ನೀಡುವ ಯಾವುದೇ ನೋಂದಣಿಯು ರದ್ದಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದು ಹಕ್ಕೋ ಅಥವಾ ಸೌಲಭ್ಯವೋ ಎಂಬುದು. ಈ ಭೇದವನ್ನು ಹುಣಸೂರು ಸೀಮೆಯ ಬೇಸಾಯಗಾರನಿಗೆ ವಿವರಿಸಿ ಹೇಳಬೇಕಾಗಿಲ್ಲ. ೧೯೭೫ರ ತಂಬಾಕು ಮಂಡಳಿ ಅಧಿನಿಯಮದ ಅಡಿಯಲ್ಲಿ ಬೆಳೆಗಾರನಾಗಿ ನೋಂದಣಿ ಪಡೆದು, ಹದಗೊಳಿಸುವ ಬ್ಯಾರನ್ನಿಗೆ ಪರವಾನಗಿ ಪಡೆದವನಿಗೂ ಅವೆರಡೂ ಇಲ್ಲದವನಿಗೂ ಹರಾಜು ಕಟ್ಟೆಯಲ್ಲಿ ಇರುವ ಅಂತರ ಅವನಿಗೆ ಚೆನ್ನಾಗಿ ಗೊತ್ತು. ಹೊಸದಾಗಿ ಪರವಾನಗಿ ಕೇಳುವುದು ಒಂದು ಸ್ಥಿತಿ, ಇದ್ದ ಪರವಾನಗಿಯನ್ನು ಕಳೆದುಕೊಳ್ಳುವುದು ಇನ್ನೊಂದು ಸ್ಥಿತಿ. ಇಂಗ್ಲೆಂಡಿನ ನ್ಯಾಯಮೂರ್ತಿ ಮೆಗರಿ ಅವರು ೧೯೭೮ರ ಮೆಕಿನ್ನಿಸ್ ಪ್ರಕರಣದಲ್ಲಿ ಇದೇ ವಿಂಗಡಣೆಯನ್ನು ಮಾಡಿದರು. ಹೊಸದಾಗಿ ಕೇಳುವವನು, ನವೀಕರಣದ ನಿರೀಕ್ಷೆ ಉಳ್ಳವನು, ಇದ್ದುದನ್ನು ಕಳೆದುಕೊಳ್ಳುವವನು ಎಂಬ ಮೂವರಲ್ಲಿ ಕೊನೆಯವನಿಗೆ ಆರೋಪವನ್ನು ತಿಳಿಯುವ ಮತ್ತು ಉತ್ತರಿಸುವ ಅವಕಾಶ ಅತ್ಯಧಿಕವಾಗಿ ಸಲ್ಲಬೇಕೆಂಬುದು ಅವರ ವಿಚಾರಸರಣಿ. ಮುಷ್ಟಿಯುದ್ಧ ಪಟುಗಳ ವ್ಯವಸ್ಥಾಪಕನೊಬ್ಬನ ಪರವಾನಗಿಯ ವ್ಯಾಜ್ಯದಲ್ಲಿ ಹುಟ್ಟಿದ ಈ ವಿಂಗಡಣೆಯು ಆಡಳಿತ ಕಾನೂನಿನ ಬೋಧನೆಯಲ್ಲಿ ಇಂದಿಗೂ ಉಳಿದುಬಂದಿದೆ.

ಅಮೆರಿಕದಲ್ಲಿ ಗ್ಲೋಬಲ್ ಎಂಟ್ರಿಯನ್ನು ಶುದ್ಧ ಸೌಲಭ್ಯವೆಂದೇ ಪರಿಗಣಿಸಲಾಗಿದೆ. ರಾಬರ್ಟ್ಸ್ ವಿರುದ್ಧ ನಪೊಲಿಟಾನೊ ಪ್ರಕರಣದಲ್ಲಿ ಕೊಲಂಬಿಯಾ ಜಿಲ್ಲೆಯ ಮೇಲ್ಮನವಿ ನ್ಯಾಯಾಲಯವು ೨೦೧೪ರಲ್ಲಿ, ಈ ಯೋಜನೆಗೆ ಯಾರು ಅರ್ಹರೆಂಬ ನಿರ್ಣಯವನ್ನು ಶಾಸನವು ಇಲಾಖೆಯ ವಿವೇಚನೆಗೇ ಬಿಟ್ಟಿದೆಯೆಂದು ಹೇಳಿ ಅದನ್ನು ಪರಿಶೀಲಿಸಲು ಒಪ್ಪಲಿಲ್ಲ. ಸದಸ್ಯತ್ವ ಕಳೆದುಕೊಂಡವನು ಇಲಾಖೆಗೇ ಮರುಪರಿಶೀಲನೆಯ ಮನವಿ ಸಲ್ಲಿಸಬೇಕಾಗುತ್ತದೆ. ಆದರೆ ಅವನ ಪ್ರಯಾಣವೇನೂ ನಿಲ್ಲುವುದಿಲ್ಲ, ಇತರರೊಂದಿಗೆ ಸಾಲಿನಲ್ಲಿ ನಿಂತರೆ ಸಾಕು.

ಭಾರತದಲ್ಲಿ ಇಷ್ಟು ಸರಳವಾಗಿ ಬಾಗಿಲು ಮುಚ್ಚುವುದು ಸಾಧ್ಯವಿಲ್ಲ. ಸೌಲಭ್ಯವೇ ಆಗಿದ್ದರೂ ಅದನ್ನು ಹಿಂತೆಗೆಯುವ ಆಜ್ಞೆಯಿಂದ ವ್ಯಕ್ತಿಗೆ ನಾಗರಿಕ ಪರಿಣಾಮಗಳು ಉಂಟಾದರೆ ಸಹಜ ನ್ಯಾಯದ ತತ್ತ್ವಗಳು ಅನ್ವಯಿಸುತ್ತವೆ ಎಂಬ ವಿಚಾರವು ಕ್ರೈಪಾಕ್ ಪ್ರಕರಣದಿಂದ (೧೯೬೯) ಆರಂಭವಾಗಿ ಬೆಳೆದುಬಂದಿದೆ. ಸರ್ಕಾರಿ ವ್ಯವಹಾರಗಳಿಂದ ಒಬ್ಬನನ್ನು ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಅವನ ಮಾತನ್ನು ಕೇಳಬೇಕೆಂದು ಎರೂಸಿಯನ್ ಎಕ್ವಿಪ್‌ಮೆಂಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆಜ್ಞೆಯಲ್ಲಿ ಕಾಣಿಸದ ಕಾರಣಗಳನ್ನು ನಂತರ ನ್ಯಾಯಾಲಯದ ಪ್ರಮಾಣಪತ್ರದಲ್ಲಿ ಸೇರಿಸಲು ಬರುವುದಿಲ್ಲವೆಂಬುದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ (೧೯೭೮) ಫಲ. ವಿಶ್ವಾಸಾರ್ಹ ಪ್ರಯಾಣಿಕರ ಪಟ್ಟಿಯಿಂದ ಹೆಸರು ತೆಗೆದುಹಾಕಲ್ಪಟ್ಟ ಭಾರತೀಯನು ಸಂವಿಧಾನದ ೨೨೬ನೆಯ ಅನುಚ್ಛೇದದ ಅಡಿಯಲ್ಲಿ ಉಚ್ಚ ನ್ಯಾಯಾಲಯದ ಮುಂದೆ ನಿಂತರೆ ಈ ಮೂರೂ ತೀರ್ಪುಗಳು ಅವನ ನೆರವಿಗೆ ಬರಬಲ್ಲವು. ಆದರೆ ಅವನಿಗಾದ ನಷ್ಟವು ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯಷ್ಟೇ ಆದ್ದರಿಂದ ನ್ಯಾಯಾಲಯವು ಎಷ್ಟು ಆಸಕ್ತಿ ತೋರೀತೆಂಬುದು ಬೇರೆ ಮಾತು. ಪಾಸ್‌ಪೋರ್ಟ್ ಕಳೆದುಕೊಂಡವನ ಸ್ಥಿತಿ ಹಾಗಲ್ಲ.

ಪಾಸ್‌ಪೋರ್ಟ್ ಅಧಿನಿಯಮದ ಒಳಗೆ

೧೯೬೭ಕ್ಕೆ ಮುನ್ನ ಪಾಸ್‌ಪೋರ್ಟ್ ನೀಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಸೇರಿದ್ದಾಗಿತ್ತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ, ವಿದೇಶಕ್ಕೆ ಹೋಗುವ ಹಕ್ಕು ೨೧ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಗಿದೆಯೆಂದೂ ಶಾಸನವಿಲ್ಲದೆ ಅದನ್ನು ಕಸಿಯಲಾಗದೆಂದೂ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ನಿರ್ಣಯಿಸಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಪಾಸ್‌ಪೋರ್ಟ್ ಅಧಿನಿಯಮವು ಜಾರಿಗೆ ಬಂದಿತು. ಅದರ ೬ನೆಯ ಕಲಮು ನಿರಾಕರಣೆಯ ಕಾರಣಗಳನ್ನೂ ೧೦ನೆಯ ಕಲಮಿನ ೩ನೆಯ ಉಪಕಲಮು ಮುಟ್ಟುಗೋಲು ಮತ್ತು ರದ್ದತಿಯ ಕಾರಣಗಳನ್ನೂ ಹೇಳುತ್ತವೆ. ಮಹತ್ವದ ಮಾಹಿತಿಯನ್ನು ಮುಚ್ಚಿಟ್ಟು ಪಡೆದಿರುವುದು, ದೇಶದ ಸಾರ್ವಭೌಮತೆ, ಭದ್ರತೆ ಅಥವಾ ಸಾರ್ವಜನಿಕ ಹಿತ, ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ, ಕ್ರಿಮಿನಲ್ ನ್ಯಾಯಾಲಯದಲ್ಲಿ ಬಾಕಿ ಇರುವ ವಿಚಾರಣೆ ಇವು ಅವುಗಳಲ್ಲಿ ಮುಖ್ಯವಾದವು. ಕಾರಣಗಳನ್ನು ಬರೆದಿಡಬೇಕು, ಭದ್ರತೆ ಮೊದಲಾದ ಹಿತಗಳಿಗೆ ಧಕ್ಕೆಯಾಗುವುದೆಂದು ಪ್ರಾಧಿಕಾರವು ಭಾವಿಸದ ಹೊರತು, ಕೇಳಿದಾಗ ಅದರ ಪ್ರತಿಯನ್ನು ಕೊಡಬೇಕು. ೧೧ನೆಯ ಕಲಮು ಮೇಲ್ಮನವಿಗೆ ಅವಕಾಶ ನೀಡುತ್ತದೆ. ಆದರೆ ಆಜ್ಞೆಯನ್ನು ಕೇಂದ್ರ ಸರ್ಕಾರವೇ ನೇರವಾಗಿ ಹೊರಡಿಸಿದ್ದರೆ ಮೇಲ್ಮನವಿಯಿಲ್ಲ, ಆಗ ಉಳಿಯುವುದು ರಿಟ್ ಅರ್ಜಿ ಮಾತ್ರ.

ಮನೇಕಾ ಗಾಂಧಿ ಪ್ರಕರಣದಲ್ಲಿ ಆದದ್ದು ಇದೇ. ೧೯೭೬ರ ಜೂನ್ ತಿಂಗಳಲ್ಲಿ ನೀಡಲಾಗಿದ್ದ ಅವರ ಪಾಸ್‌ಪೋರ್ಟನ್ನು ೧೯೭೭ರ ಜುಲೈ ತಿಂಗಳಲ್ಲಿ 'ಸಾರ್ವಜನಿಕ ಹಿತ'ದ ಹೆಸರಿನಲ್ಲಿ ಮುಟ್ಟುಗೋಲು ಹಾಕಲಾಯಿತು. ಕಾರಣಗಳನ್ನು ಕೇಳಿದಾಗ ಅವನ್ನು ನೀಡುವುದೂ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂಬ ಉತ್ತರ ಬಂದಿತು. ೧೯೭೮ರ ಜನವರಿ ೨೫ರಂದು ಏಳು ನ್ಯಾಯಮೂರ್ತಿಗಳ ಪೀಠವು ನೀಡಿದ ತೀರ್ಪು, ಸ್ವಾತಂತ್ರ್ಯವನ್ನು ಕಸಿಯುವ ವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂಬ ತತ್ತ್ವವನ್ನು ಸ್ಥಾಪಿಸಿತು. ಮುಂಚಿತವಾಗಿ ನೋಟೀಸು ನೀಡಿದರೆ ಪಾಸ್‌ಪೋರ್ಟಿನೊಡನೆ ವ್ಯಕ್ತಿಯೇ ಹೊರಟುಹೋಗಬಹುದೆಂಬ ಸರ್ಕಾರದ ಆತಂಕವನ್ನು ನ್ಯಾಯಾಲಯವು ಕಡೆಗಣಿಸಲಿಲ್ಲ. ಅಂಥ ಸಂದರ್ಭದಲ್ಲಿ ಆಜ್ಞೆಯ ಬೆನ್ನಿಗೇ ವಿಚಾರಣೆಯ ಅವಕಾಶ ಒದಗಬೇಕೆಂದಿತು. ಈ ಭಾಗವು ಸಾಮಾನ್ಯವಾಗಿ ಮರೆತುಹೋಗುತ್ತದೆ. ಪಾಸ್‌ಪೋರ್ಟ್ ಕಳೆದುಕೊಂಡ ಸಾಮಾನ್ಯ ಅರ್ಜಿದಾರನಿಗೆ ದೊಡ್ಡ ತತ್ತ್ವಕ್ಕಿಂತ ಈ ಸಣ್ಣ ಭಾಗವೇ ಹೆಚ್ಚು ಪ್ರಯೋಜನಕಾರಿ.

ಇನ್ನೊಂದು ತೀರ್ಪನ್ನು ಇಲ್ಲಿಯೇ ಹೇಳಿಬಿಡಬೇಕು. ತನಿಖೆಯ ನೆಪದಲ್ಲಿ ಪೊಲೀಸರು ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಬಹುದೇ ಹೊರತು ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಸೇರಿದ್ದೆಂದು ಸುರೇಶ್ ನಂದಾ ಪ್ರಕರಣದಲ್ಲಿ (೨೦೦೮) ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಜಮೀನಿನ ತಗಾದೆ ಬೆಳೆದು ಠಾಣೆಯಲ್ಲಿ ದೂರಾಗಿ, ದೂರು ಮೊಕದ್ದಮೆಯಾಗಿ ನಿಂತಿರುವ ಕುಟುಂಬದ ಮಗ ವಿದೇಶಕ್ಕೆ ಹೊರಡುವ ಪ್ರಸಂಗ ಈ ತಾಲೂಕುಗಳಿಗೆ ಅಪರಿಚಿತವಲ್ಲ. ವಿಚಾರಣೆ ನಡೆಸುತ್ತಿರುವ ನ್ಯಾಯಾಲಯದ ಅನುಮತಿ ಪಡೆದವರಿಗೆ ಸೀಮಿತ ಅವಧಿಯ ಪಾಸ್‌ಪೋರ್ಟ್ ನೀಡಲು ೧೯೯೩ರ ಆಗಸ್ಟ್ ೨೫ರ ಕೇಂದ್ರ ಅಧಿಸೂಚನೆಯು ಅವಕಾಶ ಕಲ್ಪಿಸಿದೆ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ೨೦೧೭ರ ಜನವರಿ ೨೫ರಂದು ಮೈಸೂರಿನಲ್ಲಿಯೇ ಆರಂಭವಾಯಿತು; ಇನ್ನೊಂದು ಗುಜರಾತಿನ ದಾಹೋದದ್ದು. ಕೋಟೆಯಿಂದಲೋ ಪಿರಿಯಾಪಟ್ಟಣದಿಂದಲೋ ಬೆಂಗಳೂರಿನವರೆಗೆ ಅಲೆಯುತ್ತಿದ್ದವರಿಗೆ ಇದರಿಂದ ದಾರಿ ಹತ್ತಿರವಾಯಿತು.

ಬೈಲಕುಪ್ಪೆ ಮತ್ತು ಗುರುಪುರ

೧೯೫೯ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಬಳಿಕ ಅವರನ್ನು ಹಿಂಬಾಲಿಸಿ ಬಂದ ಟಿಬೆಟನ್ನರಿಗೆ ನೆಲೆ ಒದಗಿಸಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವು ಪ್ರಮುಖವಾದುದು. ಬೈಲಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆಯಷ್ಟು ಕಾಡುಭೂಮಿಯನ್ನು ಗೇಣಿಯ ಆಧಾರದ ಮೇಲೆ ನೀಡಲಾಯಿತು. ೧೯೬೦-೬೧ರಲ್ಲಿ ಲುಗ್‌ಸುಂಗ್ ಸಮ್‌ಡುಪ್‌ಲಿಂಗ್, ೧೯೬೯ರಲ್ಲಿ ಡಿಕ್ಕಿ ಲಾರ್ಸೋ ನೆಲೆಗಳು ಪಿರಿಯಾಪಟ್ಟಣ ತಾಲೂಕಿನಲ್ಲಿ ರೂಪುಗೊಂಡವು. ೧೯೭೨ರಲ್ಲಿ ಹುಣಸೂರು ತಾಲೂಕಿನ ಗುರುಪುರದಲ್ಲಿ ರಬ್‌ಗ್ಯೇಲಿಂಗ್ ನೆಲೆಯು ಆರಂಭವಾಯಿತು. ಸೆರಾ, ನಮ್‌ಡ್ರೋಲಿಂಗ್, ತಾಶಿ ಲ್ಹುನ್ಪೋ ಮಠಗಳು ಬೈಲಕುಪ್ಪೆಯಲ್ಲಿಯೂ ಗ್ಯುಡ್‌ಮೆಡ್ ತಾಂತ್ರಿಕ ಮಠವು ಗುರುಪುರದಲ್ಲಿಯೂ ಇವೆ.

ಭಾರತವು ನಿರಾಶ್ರಿತರಿಗೆ ಸಂಬಂಧಿಸಿದ ೧೯೫೧ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದ್ದರಿಂದ ಆ ಒಡಂಬಡಿಕೆಯ ೨೮ನೆಯ ವಿಧಿಯು ಹೇಳುವ ನಿರಾಶ್ರಿತರ ಪ್ರಯಾಣಪತ್ರವು ಇಲ್ಲಿ ದೊರೆಯುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಟಿಬೆಟನ್ನರನ್ನು ಬಹುಕಾಲ ವಿದೇಶೀಯರೆಂದೇ ಕಾಣಲಾಯಿತು. ೧೯೩೯ರ ವಿದೇಶೀಯರ ನೋಂದಣಿ ಅಧಿನಿಯಮದ ಅಡಿಯಲ್ಲಿ ಅವರಿಗೆ ನೋಂದಣಿ ಪ್ರಮಾಣಪತ್ರ ನೀಡಲಾಗುತ್ತಿತ್ತು. ನೆಲೆಗಳಲ್ಲಿ ಎಲ್ಲರೂ ಅದನ್ನು 'ಆರ್.ಸಿ.' ಎಂದೇ ಕರೆಯುತ್ತಾರೆ. ಈ ಅಧಿನಿಯಮವೂ ೧೯೪೬ರ ವಿದೇಶೀಯರ ಅಧಿನಿಯಮವೂ ೨೦೨೫ರ ಸೆಪ್ಟೆಂಬರ್ ೧ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮದಿಂದ ರದ್ದಾಗಿವೆ. ಆರ್.ಸಿ. ವಾಸಕ್ಕೆ ಸಂಬಂಧಿಸಿದ್ದು. ಹೊರದೇಶದ ಪ್ರಯಾಣಕ್ಕೆ ಬೇಕಾದದ್ದು ವಿದೇಶಾಂಗ ಸಚಿವಾಲಯದ ಅಧೀನದಲ್ಲಿ ನೀಡುವ ಗುರುತಿನ ಪ್ರಮಾಣಪತ್ರ, ಜನರ ಮಾತಿನಲ್ಲಿ 'ಐ.ಸಿ.' ಅಥವಾ ಹಳದಿ ಪುಸ್ತಕ.

ಐ.ಸಿ.ಯನ್ನು ಕೇವಲ ಕೃಪೆಯ ಕಾಗದವೆಂದು ಭಾವಿಸುವವರುಂಟು. ಅದು ಸರಿಯಲ್ಲ. ಪಾಸ್‌ಪೋರ್ಟ್ ಅಧಿನಿಯಮದ ೪ನೆಯ ಕಲಮು ಪ್ರಯಾಣಪತ್ರಗಳ ವರ್ಗಗಳಲ್ಲಿ ಗುರುತಿನ ಪ್ರಮಾಣಪತ್ರವನ್ನೂ ಹೆಸರಿಸಿದೆ, ಮತ್ತು ರದ್ದತಿಗೆ ಸಂಬಂಧಿಸಿದ ೧೦ನೆಯ ಕಲಮು 'ಪಾಸ್‌ಪೋರ್ಟ್ ಅಥವಾ ಪ್ರಯಾಣಪತ್ರ' ಎಂದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಎಂದರೆ, ಐ.ಸಿ.ಯನ್ನು ಹಿಂತೆಗೆಯುವಾಗಲೂ ಅದೇ ಕಾರಣಗಳ ಪಟ್ಟಿಯ ಒಳಗೇ ನಿಲ್ಲಬೇಕು, ಕಾರಣ ಬರೆಯಬೇಕು, ಮೇಲ್ಮನವಿಗೂ ಅದೇ ೧೧ನೆಯ ಕಲಮು ತೆರೆದಿರುತ್ತದೆ. ೧೪ ಮತ್ತು ೨೧ನೆಯ ಅನುಚ್ಛೇದಗಳು 'ವ್ಯಕ್ತಿ'ಗೆ ಸಲ್ಲುತ್ತವೆಯೇ ಹೊರತು ನಾಗರಿಕನಿಗೆ ಮಾತ್ರವಲ್ಲ. ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒತ್ತಿಹೇಳಿತು. ಬೈಲಕುಪ್ಪೆಯ ವೃದ್ಧ ಭಿಕ್ಷುವೊಬ್ಬನು ನಾಗರಿಕತ್ವದ ಮಾತನ್ನೇ ಎತ್ತದೆ, ಈ ನೆಲೆಯ ಮೇಲೆ ನಿಂತೇ ಕಾರಣಗಳನ್ನು ಕೇಳಬಹುದು.

ಅಂದಹಾಗೆ, ಈ ನೆಲೆಗಳಲ್ಲಿ ರಾತ್ರಿ ತಂಗಬಯಸುವ ವಿದೇಶಿ ಯಾತ್ರಿಕರು ಕೇಂದ್ರ ಗೃಹ ಸಚಿವಾಲಯದಿಂದ ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕಾಗಿ ಬಂದಿದೆ. ಒಳಗಿರುವವನು ಹೊರಹೋಗಲು ಕಾಗದ, ಹೊರಗಿನವನು ಒಳಬರಲು ಕಾಗದ. ಕುಶಾಲನಗರದ ಸೇತುವೆಯಿಂದ ಕೆಲವೇ ಮೈಲಿಗಳ ಅಂತರದಲ್ಲಿ ಇವೆರಡೂ ನಡೆಯುತ್ತವೆ.

೧೯೮೭ರ ಜುಲೈ ೧

೧೯೫೫ರ ನಾಗರಿಕತ್ವ ಅಧಿನಿಯಮದ ೩ನೆಯ ಕಲಮಿನ ಪ್ರಕಾರ ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂತಹ ಕೆಲವು ಅಪವಾದಗಳನ್ನು ಬಿಟ್ಟರೆ, ತಂದೆತಾಯಿಯರ ರಾಷ್ಟ್ರೀಯತೆ ಏನೇ ಇರಲಿ, ಜನನದಿಂದಲೇ ನಾಗರಿಕರು. ಬೈಲಕುಪ್ಪೆಯ ಮೊದಲ ಗುಡಿಸಲುಗಳಲ್ಲಿ ಹುಟ್ಟಿದ ಮಗುವೂ ಇದರಲ್ಲಿ ಸೇರುತ್ತದೆ. ಕಾನೂನಿನ ಅಕ್ಷರದಲ್ಲಿ ಇದ್ದ ಈ ಹಕ್ಕು ಅರ್ಧ ಶತಮಾನದಷ್ಟು ಕಾಲ ಯಾರ ಗಮನಕ್ಕೂ ಬಾರದಂತಿತ್ತು. ಟಿಬೆಟನ್ ಹಿರಿಯರಲ್ಲಿ ಅನೇಕರಿಗೆ ನಾಗರಿಕತ್ವ ಪಡೆಯುವುದೆಂದರೆ ತಾಯ್ನಾಡಿನ ಹಂಬಲವನ್ನು ಕೈಬಿಟ್ಟಂತೆ ಎಂಬ ಅಳುಕಿದ್ದುದೂ ಇದಕ್ಕೆ ಒಂದು ಕಾರಣ.

ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ೨೦೧೦ರ ಡಿಸೆಂಬರ್ ೨೨ರಂದು ನೀಡಿದ ತೀರ್ಪು ಈ ಮೌನವನ್ನು ಮುರಿಯಿತು. ೧೯೮೬ರಲ್ಲಿ ಹಿಮಾಚಲ ಪ್ರದೇಶದಲ್ಲಿ ಜನಿಸಿದ ಅರ್ಜಿದಾರರಿಗೆ ಪಾಸ್‌ಪೋರ್ಟ್ ನಿರಾಕರಿಸಲಾಗಿತ್ತು. ಐ.ಸಿ. ಪಡೆಯುವಾಗ ತಮ್ಮನ್ನು ಟಿಬೆಟನ್ ಎಂದು ಘೋಷಿಸಿಕೊಂಡ ಮಾತ್ರಕ್ಕೆ ಜನ್ಮಸಿದ್ಧ ನಾಗರಿಕತ್ವವನ್ನು ತೊರೆದಂತಾಗದೆಂದು ನ್ಯಾಯಾಲಯವು ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯವು ೨೦೧೩ರ ಆಗಸ್ಟ್ ೭ರಂದು ತೆನ್ಜಿನ್ ಚೋಫಾಗ್ ಲಿಂಗ್ ರಿಂಪೋಚೆ ಅವರ ಪ್ರಕರಣದಲ್ಲಿ ಇದೇ ನಿಲುವನ್ನು ತಳೆಯಿತು. ಈ ತೀರ್ಪಿನಿಂದಾಗಿ ಪ್ರಶ್ನೆಯು ದೆಹಲಿಯ ವ್ಯಾಪ್ತಿಯಿಂದ ರಾಜ್ಯದ ನೆಲೆಗಳ ಬಾಗಿಲಿಗೆ ಬಂದಿತು. ಚುನಾವಣಾ ಆಯೋಗವು ೨೦೧೪ರ ಫೆಬ್ರವರಿಯಲ್ಲಿ ಈ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಆದರೂ ಪಾಸ್‌ಪೋರ್ಟ್ ಕಚೇರಿಗಳ ಧೋರಣೆ ಬೇಗ ಬದಲಾಗಲಿಲ್ಲ. ೨೦೧೬ರ ಸೆಪ್ಟೆಂಬರ್ ೨೨ರಂದು ದೆಹಲಿ ಉಚ್ಚ ನ್ಯಾಯಾಲಯವು ಫುನ್ಸೋಕ್ ವಾಂಗ್ಯಾಲ್ ಪ್ರಕರಣದಲ್ಲಿ ಮತ್ತೊಮ್ಮೆ ಅದೇ ಮಾತನ್ನು ಹೇಳಬೇಕಾಯಿತು. ೨೦೧೭ರ ಮಾರ್ಚ್ ತಿಂಗಳಲ್ಲಿ ವಿದೇಶಾಂಗ ಸಚಿವಾಲಯವು ಈ ತೀರ್ಪನ್ನು ಪಾಲಿಸುವಂತೆ ಎಲ್ಲ ಕಚೇರಿಗಳಿಗೆ ಸೂಚನೆ ನೀಡಿತು. ಅದೇ ಜೂನ್ ತಿಂಗಳಲ್ಲಿ ಷರತ್ತುಗಳು ಬಂದವು. ಪಾಸ್‌ಪೋರ್ಟ್ ಬಯಸುವವರು ಆರ್.ಸಿ. ಮತ್ತು ಐ.ಸಿ.ಗಳನ್ನು ರದ್ದುಪಡಿಸಿಕೊಳ್ಳಬೇಕು, ನಿಗದಿತ ಟಿಬೆಟನ್ ನೆಲೆಗಳಲ್ಲಿ ವಾಸಿಸುತ್ತಿರಬಾರದು, ಕೇಂದ್ರೀಯ ಟಿಬೆಟನ್ ಆಡಳಿತದ ಸವಲತ್ತುಗಳನ್ನೂ ಆರ್.ಸಿ.ಯ ಆಧಾರದ ಮೇಲೆ ಬಂದ ಸಹಾಯಧನ ಮುಂತಾದುವನ್ನೂ ತೊರೆದಿರುವುದಾಗಿ ಬರೆದುಕೊಡಬೇಕು.

ಮೊದಲ ಷರತ್ತು ತರ್ಕಬದ್ಧವೇ ಸರಿ, ಒಬ್ಬನೇ ವ್ಯಕ್ತಿ ಏಕಕಾಲಕ್ಕೆ ನಾಗರಿಕನೂ ನೋಂದಾಯಿತ ವಿದೇಶೀಯನೂ ಆಗಿರಲಾರ. ಎರಡನೆಯದರ ತೂಕವನ್ನು ಬೈಲಕುಪ್ಪೆಯಲ್ಲಿ ನಿಂತು ನೋಡಬೇಕು. ಅಲ್ಲಿನ ಮನೆ, ಜೋಳದ ಹೊಲ, ಮಠದ ಪಕ್ಕದ ಅಂಗಡಿ ಎಲ್ಲವೂ ಗೇಣಿ ಭೂಮಿಯ ಮೇಲಿವೆ, ವಾಸಿಸುವವನ ಹೆಸರಿನ ಸ್ವಂತ ಆಸ್ತಿಯಲ್ಲ. ತಂದೆ ಕಾಡು ಕಡಿದು ಹಸನು ಮಾಡಿದ ನೆಲವನ್ನು ಮಗ ಪಾಸ್‌ಪೋರ್ಟಿಗಾಗಿ ಬಿಟ್ಟು ಹೋಗಬೇಕೆಂಬುದು ಈ ಷರತ್ತಿನ ಅರ್ಥ. ಪಾಸ್‌ಪೋರ್ಟ್ ಅಧಿನಿಯಮದ ೬ನೆಯ ಕಲಮು ನಿರಾಕರಣೆಯ ಕಾರಣಗಳನ್ನು ಎಣಿಸಿ ಹೇಳಿದೆ, ಅಲ್ಲಿ ಹೇಳಿದ ಕಾರಣಗಳಿಂದಲ್ಲದೆ ಬೇರೆ ಕಾರಣದಿಂದ ನಿರಾಕರಿಸಬಾರದೆಂದೂ ಹೇಳಿದೆ. ಅರ್ಜಿದಾರನು ಎಲ್ಲಿ ವಾಸಿಸುತ್ತಾನೆಂಬುದು ಆ ಪಟ್ಟಿಯಲ್ಲಿಲ್ಲ. ಜನ್ಮತಃ ನಾಗರಿಕನಾದವನಿಗೆ ದೇಶದ ಯಾವ ಭಾಗದಲ್ಲಿಯೂ ನೆಲೆಸುವ ಹಕ್ಕನ್ನು ೧೯ನೆಯ ಅನುಚ್ಛೇದವು ನೀಡುತ್ತದೆ. ಆಡಳಿತದ ಸೂಚನೆಯೊಂದು ಶಾಸನದ ಪಟ್ಟಿಗೆ ಹೊಸ ಕಾರಣವನ್ನು ಸೇರಿಸಲಾರದು. ಗೇಣಿಯ ಭೂಮಿಯು ನಿರಾಶ್ರಿತರಿಗೆಂದೇ ಮೀಸಲೆಂಬ ಸರ್ಕಾರದ ವಾದದಲ್ಲಿ ಹುರುಳಿದೆ. ಆದರೆ ಅದು ಗೇಣಿಯ ಕರಾರಿನ ಪ್ರಶ್ನೆ, ಭೂಮಿಯ ಕಾನೂನಿನಲ್ಲಿ ಇತ್ಯರ್ಥವಾಗಬೇಕಾದದ್ದು. ಅದನ್ನು ಪಾಸ್‌ಪೋರ್ಟ್ ಅರ್ಜಿಗೆ ತಗುಲಿಸಿದ್ದು ಸಮರ್ಥನೀಯವೆಂದು ತೋರುವುದಿಲ್ಲ.

ಹುಟ್ಟಿನ ಪುರಾವೆ

ತೀರ್ಪುಗಳು ಎಷ್ಟೇ ಅನುಕೂಲವಾಗಿದ್ದರೂ ಅರ್ಜಿದಾರನು ತಾನು ಎಂದು, ಎಲ್ಲಿ ಹುಟ್ಟಿದೆನೆಂಬುದನ್ನು ತೋರಿಸಲೇಬೇಕು. ಜನನ ಮರಣ ನೋಂದಣಿ ಅಧಿನಿಯಮವು ಬಂದದ್ದೇ ೧೯೬೯ರಲ್ಲಿ. ಅದಕ್ಕೆ ಮುನ್ನ ಕಾಡಂಚಿನ ಗುಡಾರದಲ್ಲಿ ಹೆರಿಗೆಯಾದ ಮಗುವಿನ ದಾಖಲೆ ಎಲ್ಲಿರಬೇಕು? ಈ ಕೊರತೆ ಟಿಬೆಟನ್ನರದು ಮಾತ್ರವಲ್ಲ, ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಹುಟ್ಟಿದ ಜೇನುಕುರುಬರ ಹಿರಿಯರದೂ ಅದೇ ಸ್ಥಿತಿ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. ೨೦೨೩ರ ತಿದ್ದುಪಡಿಯು ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕೃತಗೊಂಡ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವರ್ಗಾಯಿಸಿತು. ಇದರಿಂದ ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಯ ಕಡತವೊಂದು, ಬೈಲಕುಪ್ಪೆಯ ಅರ್ಜಿದಾರನ ನಾಗರಿಕತ್ವದ ಮೊದಲ ಮೆಟ್ಟಿಲಾಗುವ ಸಾಧ್ಯತೆ ಉಂಟಾಗಿದೆ.

ಮುಂದಿನ ತಲೆಮಾರಿನ ಲೆಕ್ಕ ಹೆಚ್ಚು ತೊಡಕಿನದು. ೧೯೮೭ರ ಜುಲೈ ೧ರಿಂದ ೨೦೦೪ರ ಡಿಸೆಂಬರ್ ೩ಕ್ಕೆ ಮುನ್ನ ಹುಟ್ಟಿದವರಿಗೆ ತಂದೆ ಅಥವಾ ತಾಯಿ ನಾಗರಿಕರಾಗಿದ್ದರೆ ಸಾಕು. ಬೈಲಕುಪ್ಪೆಯಲ್ಲಿ ೧೯೬೫ರಲ್ಲಿ ಹುಟ್ಟಿದ ತಾಯಿಗೆ ಅಲ್ಲಿಯೇ ೧೯೯೫ರಲ್ಲಿ ಜನಿಸಿದ ಮಗಳು, ತಾಯಿ ಎಂದೂ ಪಾಸ್‌ಪೋರ್ಟ್ ಕೇಳದಿದ್ದರೂ, ನಾಗರಿಕಳೇ ಆಗುತ್ತಾಳೆ. ಏಕೆಂದರೆ ತಾಯಿಯ ನಾಗರಿಕತ್ವವು ಪಾಸ್‌ಪೋರ್ಟಿನಿಂದ ಹುಟ್ಟಿದ್ದಲ್ಲ. ೨೦೦೪ರ ಡಿಸೆಂಬರ್ ೩ರಿಂದೀಚೆಗೆ ಹುಟ್ಟಿದವರಿಗೆ ಒಬ್ಬ ಪೋಷಕರು ನಾಗರಿಕರಾಗಿದ್ದು, ಇನ್ನೊಬ್ಬರು ನಾಗರಿಕರಲ್ಲದಿದ್ದರೂ ಅಕ್ರಮ ವಲಸಿಗರಾಗಿರಬಾರದು. ತಾಯಿ ಇಲ್ಲಿಯೇ ಹುಟ್ಟಿದವಳು, ತಂದೆ ತೊಂಬತ್ತರ ದಶಕದಲ್ಲಿ ಹಿಮಾಲಯ ದಾಟಿ ನೇಪಾಳದ ಮೂಲಕ ಬಂದವನು ಎಂಬಂಥ ಕುಟುಂಬದಲ್ಲಿ, ತಂದೆ ಬಂದಾಗ ಯಾವ ಕಾಗದವಿತ್ತು, ನೋಂದಣಿ ಯಾವಾಗ ಆಯಿತು ಎಂಬ ಪ್ರಶ್ನೆಗಳ ಮೇಲೆ ಮಗುವಿನ ಸ್ಥಿತಿ ನಿಲ್ಲುತ್ತದೆ. ಒಂದೇ ಮನೆಯ ಮಕ್ಕಳಲ್ಲಿ ಅಕ್ಕ ಪಾಸ್‌ಪೋರ್ಟಿಗೂ ತಮ್ಮ ಹಳದಿ ಪುಸ್ತಕಕ್ಕೂ ಅರ್ಜಿ ಬರೆಯುವುದು ಇದರಿಂದ ಸಂಭವಿಸುತ್ತದೆ.

ಟಿಬೆಟಿನಲ್ಲಿಯೇ ಹುಟ್ಟಿ ಬಂದ ಹಿರಿಯರಿಗೆ ಜನನದ ಹಕ್ಕು ಇಲ್ಲ. ಅವರಿಗೆ ಐ.ಸಿ.ಯೇ ಗತಿ. ಸಾರ್ವಜನಿಕ ಹಿತದ ದೃಷ್ಟಿಯಿಂದ ಅಗತ್ಯವೆನಿಸಿದರೆ ನಾಗರಿಕನಲ್ಲದವನಿಗೂ ಪಾಸ್‌ಪೋರ್ಟ್ ಅಥವಾ ಪ್ರಯಾಣಪತ್ರ ನೀಡುವ ಅಧಿಕಾರವನ್ನು ಅಧಿನಿಯಮದ ೨೦ನೆಯ ಕಲಮು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ, ಆದರೆ ಅದು ಹಕ್ಕಾಗಿ ಕೇಳಬಹುದಾದದ್ದಲ್ಲ. ಇವರಲ್ಲಿ ಯಾರ ಅರ್ಜಿಯಾದರೂ ತಿರಸ್ಕೃತವಾದಾಗ ಮಾಡಬೇಕಾದ ಮೊದಲ ಕೆಲಸ, ತಿರಸ್ಕಾರದ ಆಜ್ಞೆಯ ಮತ್ತು ಅದರ ಕಾರಣಗಳ ಪ್ರತಿಯನ್ನು ಲಿಖಿತವಾಗಿ ಕೇಳುವುದು. ಕಚೇರಿಯ ಕಿಟಕಿಯಲ್ಲಿ ಬಾಯಿಮಾತಿನಲ್ಲಿ ದೊರೆತ 'ಆಗುವುದಿಲ್ಲ' ಎಂಬ ಉತ್ತರದ ಮೇಲೆ ಮೇಲ್ಮನವಿಯೂ ನಿಲ್ಲದು, ರಿಟ್ ಅರ್ಜಿಯೂ ಸುಲಭವಾಗಿ ನಿಲ್ಲದು.